ಎಡ ಚೈನು ಕಳಚುತ್ತಿದ್ದ ಡಿ-80: ಸಕಲೇಶಪುರ ಕಡೆಯ ಒಂದು ಪ್ರಕರಣ

ಹಿನ್ನೆಲೆ

ಹಾಸನದ ಸಣ್ಣ ಗುತ್ತಿಗೆದಾರರೊಬ್ಬರ ಬಳಿ ಹಳೆಯ ಡಿ-80 ಡೋಜರ್ ಒಂದಿದೆ, ಕಬ್ಬಿಣದ ಎರಡು ಚೈನುಗಳ ಮೇಲೆ ಓಡುತ್ತ ಮುಂದಿನ ಬ್ಲೇಡಿನಿಂದ ಮಣ್ಣು ತಳ್ಳುವ ಯಂತ್ರ. ಹರಾಜಿನಲ್ಲಿ ಕೊಂಡದ್ದು. ಕೊಳ್ಳುವಾಗಲೇ ಗಂಟೆ ಮೀಟರ್ ಕೆಟ್ಟು ನಿಂತಿತ್ತು, ಹಾಗಾಗಿ ಅದು ಒಟ್ಟು ಎಷ್ಟು ದುಡಿದಿದೆ ಎಂದು ಹೇಳುವವರಿಲ್ಲ. ಈ ಬರಹದಲ್ಲಿ ಊರು, ತೋಟ, ಜನರ ಗುರುತುಗಳನ್ನು ತೆಗೆದಿದೆ. ಕೆಲಸ ನಡೆದ ಕ್ರಮ, ಅಳತೆಗಳು, ಯಾವ ಹಂತದಲ್ಲಿ ಯಾರು ಏನು ತೀರ್ಮಾನಿಸಿದರು ಎಂಬುದಷ್ಟೇ ಉಳಿದಿದೆ.

ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು. 1964ರಲ್ಲಿ ಶುರುವಾದ ಸರ್ಕಾರಿ ಯಂತ್ರ ಕಂಪನಿ ಬಿಇಎಂಎಲ್, ಜಪಾನಿನ ಕೊಮಾಟ್ಸು ವಿನ್ಯಾಸವನ್ನು ತಂದು ತಯಾರಿಸಿದ ಡೋಜರ್‌ಗಳಲ್ಲಿ ಇದೂ ಒಂದು. ಕಮಿನ್ಸ್ ಎನ್‌ಎಚ್-220 ಇಂಜಿನ್. ಆರು ಸಿಲಿಂಡರ್, 743 ಘನ ಇಂಚು, ಅಂದರೆ 12 ಲೀಟರಿಗೆ ತುಸು ಮೇಲೆ. ಟರ್ಬೊ ಇಲ್ಲ. ಬ್ಲೇಡು ಸೇರಿ ತೂಕ 20 ಟನ್ನಿನ ಆಸುಪಾಸು. ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಇಲ್ಲದ ನೇರ ಗೇರಿನ ಮಾದರಿ, ಆದ್ದರಿಂದ ಮುಖ್ಯ ಕ್ಲಚ್ಚನ್ನು ಕೈಲಿವರ್‌ನಲ್ಲಿ ಎಳೆದು ಬಿಡಬೇಕು. ತಿರುಗಿಸಲು ಸ್ಟೀರಿಂಗ್ ಚಕ್ರವಿಲ್ಲ. ಎರಡು ಸ್ಟೀರಿಂಗ್ ಕ್ಲಚ್ ಲಿವರ್, ಕಾಲಿಗೆ ಎರಡು ಬ್ರೇಕ್ ಪೆಡಲ್. ಎಡ ಲಿವರ್ ಎಳೆದರೆ ಎಡ ಚೈನಿಗೆ ಹೋಗುವ ಶಕ್ತಿ ಕಡಿದು, ಬಲ ಚೈನು ಯಂತ್ರವನ್ನು ಎಡಕ್ಕೆ ಹೊರಳಿಸುತ್ತದೆ. ತಿರುವು ಗಿಡ್ಡವಾಗಬೇಕಿದ್ದರೆ ಅದೇ ಬದಿಯ ಬ್ರೇಕು ಒತ್ತಬೇಕು. ತಲೆಯ ಮೇಲೆ ತಗಡಿನ ಮಾಡಿದೆ, ಯಂತ್ರ ಮಗುಚಿದರೆ ಆಪರೇಟರನ್ನು ಕಾಪಾಡುವ ಚೌಕಟ್ಟಿಲ್ಲ. ಮುಂದೆ ಬರುವ ಇಳಿಜಾರಿನ ಮಾತಿಗೆ ಇದು ಮುಖ್ಯ.

ಇದನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಓಡಿಸಿದವರು ಒಬ್ಬರೇ ಆಪರೇಟರ್. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೂ ನಾಲೆಗಳ ಕೆಲಸ ವರ್ಷಗಟ್ಟಲೆ ನಡೆಯಿತಲ್ಲ, ಅಂಥ ನಾಲೆ ಕಾಮಗಾರಿಯಲ್ಲಿ ಗ್ರೀಸ್ ಹೊಡೆಯುವ ಹೆಲ್ಪರ್ ಆಗಿ ಸೇರಿ, ಸೀಟಿಗೆ ಏರಿದವರು. ಮಂಡಿ ನೋವೆಂದು ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದವರು ಇಪ್ಪತ್ತೇಳರ ಯುವಕ. ಹಿಟಾಚಿಯಲ್ಲಿ ಒಳ್ಳೆಯ ಕೈ, ಜೆಸಿಬಿಯೂ ಗೊತ್ತು. ಡೋಜರ್ ಮಾತ್ರ ಅಲ್ಪಸ್ವಲ್ಪ.

ಕೆಲಸ ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ. ರೊಬಸ್ಟಾಗೆ ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್‌ನಲ್ಲಿ ಒಂದರಿಂದ ಒಂದೂವರೆ ಇಂಚು ನೀರು ಕೊಡಬೇಕು, ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್ ನೀರು, ಅಂದರೆ ಕಾಯಿ ಕಚ್ಚಲು ಎರಡನೆಯ ಸಲ ಕೊಡುವ ನೀರು. ಅದಕ್ಕೆಂದು ತೋಟದ ಮಧ್ಯದ ಕೊಳ್ಳದಲ್ಲಿ, ಹಿಂದೆ ಗದ್ದೆ ಇದ್ದ ಜಾಗದಲ್ಲಿ, ಹಳೇ ಕೆರೆಯ ಹೂಳು ತೆಗೆದು ಏರಿಯನ್ನು ಅಗಲಿಸಿ ಎತ್ತರಿಸಬೇಕಿತ್ತು. ಕೊಳ್ಳದ ತಳದಲ್ಲಿ ಅಂಟುವ ಕಪ್ಪು ಗೋಡುಮಣ್ಣು, ಎರಡೂ ಮಗ್ಗುಲಿನ ಗುಡ್ಡದಲ್ಲಿ ಬೆಣಚುಕಲ್ಲು ಬೆರೆತ ಕೆಮ್ಮಣ್ಣು. ಹಿಟಾಚಿ ಹೂಳು ತೆಗೆಯುವುದು, ಡೋಜರ್ ಗುಡ್ಡದ ಮಣ್ಣನ್ನು ಕೆಳಕ್ಕೆ ತಳ್ಳಿ ಏರಿಯ ಮೇಲೆ ಹಾಸುವುದು, ಹೀಗೆ ಹಂಚಿಕೆ. ತಳ್ಳುವ ದೂರ 50-60 ಮೀಟರ್ ಒಳಗಿದ್ದುದರಿಂದ ಲೆಕ್ಕ ಸರಿಯಾಗಿಯೇ ಇತ್ತು. 100 ಮೀಟರ್ ದಾಟಿದರೆ ಡೋಜರ್‌ನಲ್ಲಿ ಮಣ್ಣು ತಳ್ಳುವುದು ಡೀಸೆಲ್ ಸುಡುವ ಕೆಲಸ, ಟಿಪ್ಪರ್ ಅಗ್ಗ. ಜೂನ್ ಮಳೆ ಹಿಡಿಯುವ ಮುಂಚೆ ಕೋಡಿ ಸಮೇತ ಮುಗಿಯಬೇಕು ಎಂಬುದು ತೋಟದವರ ಕರಾರು.

ಏನು ಕೆಟ್ಟಿತು

ಕೆಲಸ ಶುರುವಾದ ಮೊದಲ ವಾರದಲ್ಲೇ ಎಡ ಚೈನು ಕಳಚಿತು. ಹಿಂದಕ್ಕೆ ಗುಡ್ಡ ಹತ್ತುತ್ತ ಎಡಕ್ಕೆ ಹೊರಳಿಸುವಾಗ, ಮುಂದಿನ ಐಡ್ಲರ್‌ನಿಂದ ಒಳಗಡೆಗೆ ಜಾರಿ ಬಿತ್ತು. (ಚೈನು ಸುತ್ತಿ ಬರುವ ಮುಂದಿನ ಚಕ್ರ ಐಡ್ಲರ್; ಅದನ್ನು ಎಳೆಯುವ ಹಿಂದಿನ ಹಲ್ಲಿನ ಚಕ್ರ ಸ್ಪ್ರಾಕೆಟ್.) ಏರಿಸಿ ಕೂರಿಸಿದರು. ನಾಲ್ಕು ದಿನಕ್ಕೆ ಮತ್ತೆ ಬಿತ್ತು, ಅದೇ ಬದಿ, ಅದೇ ಜಾಗ. ಮೂರನೆಯ ಸಲ ಬೀಳುವ ಹೊತ್ತಿಗೆ ಇನ್ನೆರಡು ತೊಂದರೆ ಸೇರಿಕೊಂಡಿದ್ದವು. ಮಧ್ಯಾಹ್ನದ ಹೊತ್ತಿಗೆ ನೀರಿನ ಮುಳ್ಳು ಕೆಂಪಿಗೆ ಏರುತ್ತಿತ್ತು. ಎಡ ಬ್ರೇಕ್ ಪೆಡಲ್ ಆಳಕ್ಕೆ ಹೋಗತೊಡಗಿತ್ತು.

ಗುತ್ತಿಗೆದಾರರಿಗೆ ಕಂಡದ್ದು ಒಂದೇ ಕಾರಣ: ಹುಡುಗನಿಗೆ ಓಡಿಸಲು ಬರುವುದಿಲ್ಲ. ಯುವಕನಿಗೆ ಕಂಡದ್ದೂ ಒಂದೇ: ಗಾಡಿ ಗುಜರಿಗೆ ಹಾಕುವ ವಯಸ್ಸು ದಾಟಿದೆ. ಇಬ್ಬರ ಮಾತಿನಲ್ಲೂ ಅರ್ಧ ನಿಜ ಇತ್ತು, ಅದೇ ಕಾರಣಕ್ಕೆ ಹದಿನೈದು ದಿನ ಯಾರೂ ಅಳತೆಪಟ್ಟಿ ಹಿಡಿದು ಯಂತ್ರದ ಕೆಳಗೆ ಹೋಗಲಿಲ್ಲ.

ಮೊದಲು ಮಾಡಿದ ರಿಪೇರಿಗಳು

ಚೈನು ಬಿದ್ದರೆ ಯಾರಿಗಾದರೂ ಹೊಳೆಯುವ ಮೊದಲ ಉಪಾಯ ಬಿಗಿ ಮಾಡುವುದು. ಅದನ್ನೇ ಮಾಡಿದರು. ಐಡ್ಲರನ್ನು ಮುಂದಕ್ಕೆ ತಳ್ಳಿ ಚೈನು ಬಿಗಿಸುವ ಅಡ್ಜಸ್ಟರ್ ಸಿಲಿಂಡರಿನ ನಿಪ್ಪಲ್‌ಗೆ ಗ್ರೀಸ್ ಗನ್ ಹಾಕಿ, ಗ್ರೀಸ್ ಇನ್ನು ಹೋಗದು ಎನ್ನುವವರೆಗೆ ತುಂಬಿದರು. ಈ ದರ್ಜೆಯ ಡೋಜರ್‌ನಲ್ಲಿ ಚೈನಿನ ಸಡಿಲ ನೋಡುವ ಕ್ರಮ ಹೀಗೆ: ಐಡ್ಲರ್ ಮೇಲಿಂದ, ಮೇಲಿನ ಚೈನನ್ನು ಹೊರುವ ಕ್ಯಾರಿಯರ್ ರೋಲರ್ ಮೇಲಕ್ಕೆ ನೇರ ಪಟ್ಟಿಯೊಂದನ್ನು ಚೈನಿನ ಮೇಲೆ ಇಟ್ಟು, ನಡುವೆ ಪಟ್ಟಿಗೂ ಶೂ ಪ್ಲೇಟಿಗೂ (ಚೈನಿನ ನೆಲ ತುಳಿಯುವ ತಗಡು) ಇರುವ ಸಂದು ಅಳೆಯಬೇಕು. 20ರಿಂದ 30 ಮಿ.ಮೀ. ಇರಬೇಕು. ಇವರು ಬಿಗಿದ ಮೇಲೆ ಅಲ್ಲಿ ಬೆರಳೂ ತೂರುತ್ತಿರಲಿಲ್ಲ.

ಒಣ ನೆಲದಲ್ಲಿ ಎರಡು ದಿನ ನಡೆಯಿತು. ಗೋಡುಮಣ್ಣಿಗೆ ಇಳಿದ ಕೂಡಲೇ ಸ್ಪ್ರಾಕೆಟ್ ಹಲ್ಲಿನ ಸಂದಿಗೂ ಬುಶ್ಶಿಗೂ (ಕೊಂಡಿಗಳನ್ನು ಕೂಡಿಸುವ ಪಿನ್ನಿನ ಮೇಲಿನ ಕೊಳವೆ) ನಡುವೆ ಮಣ್ಣು ಮೆತ್ತಿ, ಚೈನಿಗೆ ಸುತ್ತಲು ಬೇಕಾದ ಉದ್ದ ಹೆಚ್ಚಿತು. ಮಣ್ಣು ತುಂಬಿದರೆ ಚೈನು ತಾನಾಗಿಯೇ ಬಿಗಿಯುತ್ತದೆ. ಅದಕ್ಕೇ ಸಡಿಲವನ್ನು ಕೆಲಸದ ಜಾಗದಲ್ಲಿ, ಮಣ್ಣು ಮೆತ್ತಿದ ಸ್ಥಿತಿಯಲ್ಲೇ ನೋಡಬೇಕು, ತೊಳೆದು ಶೆಡ್ಡಿನಲ್ಲಿ ನಿಲ್ಲಿಸಿ ಅಲ್ಲ. ಇಲ್ಲಿ ಮೊದಲೇ ಬಿಗಿದ ಚೈನು ಇನ್ನೂ ಬಿಗಿದು ಕಿರುಚತೊಡಗಿತು. ಇಂಜಿನ್ ಶಕ್ತಿಯ ಒಂದು ಪಾಲು ಚೈನು ಸುತ್ತಲಿಕ್ಕೇ ಹೋಯಿತು. ಫೈನಲ್ ಡ್ರೈವ್‌ನ (ಸ್ಪ್ರಾಕೆಟನ್ನು ತಿರುಗಿಸುವ ಕೊನೆಯ ಗೇರುಪೆಟ್ಟಿಗೆ) ಸೀಲಿನಿಂದ ಎಣ್ಣೆ ಜಿನುಗಿತು. ಕೊನೆಗೆ ಚೈನು ಮತ್ತೆ ಬಿತ್ತು. ಈ ಸಲ ಬಿಗಿಯಾಗಿದ್ದುದರಿಂದ ಏರಿಸಲು ಇಡೀ ದಿನ ಹಿಡಿಯಿತು.

ಸಡಿಲಿಸುವಾಗ ನಡೆಯಬಹುದಾಗಿದ್ದ ಅನಾಹುತವನ್ನು ಹೇಳಲೇಬೇಕು. ಅಡ್ಜಸ್ಟರ್ ಒಳಗಿನ ಗ್ರೀಸ್ ಭಾರೀ ಒತ್ತಡದಲ್ಲಿರುತ್ತದೆ. ಪ್ಲಗ್ಗನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು, ಮುಖವನ್ನು ಅದರ ನೇರಕ್ಕೆ ತರಬಾರದು. ಗ್ರೀಸ್ ಬಾರದಿದ್ದರೆ ಪ್ಲಗ್ ಇನ್ನಷ್ಟು ಬಿಚ್ಚುವುದಲ್ಲ, ಯಂತ್ರವನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಬೇಕು. ಇಲ್ಲಿ ಹೆಲ್ಪರ್ ಪೂರ್ತಿ ಬಿಚ್ಚಲು ಹೊರಟಿದ್ದ. ಪಕ್ಕದಲ್ಲಿದ್ದ ಹಿಟಾಚಿ ಆಪರೇಟರ್ ತಡೆದರು. ಚಿಮ್ಮಿದ ಗ್ರೀಸ್ ಚರ್ಮ ತೂರಿ ಒಳಹೋದರೆ ಮೇಲೆ ಸಣ್ಣ ತೂತು ಮಾತ್ರ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಗಾಯ ಅದು.

ಎರಡನೆಯ ರಿಪೇರಿ ಐಡ್ಲರ್ ಬದಲಿ. ಹಳೇ ಐಡ್ಲರ್‌ನ ನಡುವಿನ ಉಬ್ಬು ಒಂದು ಮಗ್ಗುಲಿಗೆ ಸವೆದು ಹರಿತವಾಗಿತ್ತು. ಹಾಸನದ ಮೆಕ್ಯಾನಿಕ್ ಅದನ್ನು ನೋಡಿ ಸೆಕೆಂಡ್ ಹ್ಯಾಂಡ್ ಐಡ್ಲರ್ ತಂದು ಕೂರಿಸಿದರು. ಹಳೆಯದು ಸವೆದಿತ್ತು ಎಂಬುದು ಸರಿ. ಯಾಕೆ ಒಂದೇ ಮಗ್ಗುಲಿಗೆ ಸವೆದಿದೆ ಎಂದು ಆಗ ಯಾರೂ ಕೇಳಲಿಲ್ಲ. ತಂದ ಐಡ್ಲರ್‌ನ ಅದೇ ಮಗ್ಗುಲು ಒಂದು ವಾರದಲ್ಲೇ ಕನ್ನಡಿಯಂತೆ ಮಿನುಗುತ್ತಿತ್ತು.

ಮೂರನೆಯ ಸಲಹೆಯಾಗಿ, ಚೈನಿನಿಂದ ಒಂದು ಕೊಂಡಿ ತೆಗೆದು ಗಿಡ್ಡ ಮಾಡೋಣ ಎಂದರು. ಅಡ್ಜಸ್ಟರ್ ತನ್ನ ಕೊನೆ ಮುಟ್ಟಿದಾಗ ಹೀಗೆ ಮಾಡುವುದುಂಟು, ಆಯುಸ್ಸು ಮುಗಿದ ಚೈನಿನಿಂದ ಇನ್ನೊಂದು ಸೀಸನ್ ಹಿಂಡಲು. ಆದರೆ ಪಿನ್ನು-ಬುಶ್ಶು ಸವೆದು ಕೊಂಡಿಯಿಂದ ಕೊಂಡಿಗೆ ದೂರ ಹೆಚ್ಚಿದ್ದು ಇದರಿಂದ ಕಡಿಮೆಯಾಗದು. ಸ್ಪ್ರಾಕೆಟ್ ಮೇಲೆ ಬುಶ್ಶು ಹಲ್ಲು ಹತ್ತುವುದು ಹಾಗೇ ಉಳಿಯುತ್ತದೆ. ಇಲ್ಲಿ ಅಡ್ಜಸ್ಟರ್‌ಗೆ ಇನ್ನೂ ಜಾಗ ಇತ್ತು. ಗುತ್ತಿಗೆದಾರರು ಕೊಂಡಿ ತೆಗೆಸಲಿಲ್ಲ. ತಾಂತ್ರಿಕ ಕಾರಣಕ್ಕಲ್ಲ, ಕೂಲಿ ಜಾಸ್ತಿ ಕೇಳಿದರೆಂದು. ಆದರೂ ಸರಿಯಾದ ತೀರ್ಮಾನವೇ.

ಬಿಸಿಯಾಗುವುದಕ್ಕೆ ಕಾರಣ ಬೇಗ ಸಿಕ್ಕಿತು. ಈ ಯಂತ್ರದ ಫ್ಯಾನು ಗಾಳಿಯನ್ನು ಇಂಜಿನ್ ಕಡೆಯಿಂದ ರೇಡಿಯೇಟರ್ ಮೂಲಕ ಮುಂದಕ್ಕೆ ತಳ್ಳುತ್ತದೆ. ಸಿಲ್ವರ್ ಓಕ್ ಎಲೆ, ಕಾಫಿ ಎಲೆ, ಧೂಳು ಎಲ್ಲ ಹೋಗಿ ಕೂರುವುದು ರೇಡಿಯೇಟರ್‌ನ ಒಳಮುಖದಲ್ಲಿ, ಫ್ಯಾನಿನ ಎದುರು. ಹೆಲ್ಪರ್ ಕಾರು ತೊಳೆದಂತೆ ಒಳಗಿಂದ ಪೈಪು ಹಿಡಿದು ಕಸವನ್ನು ಇನ್ನಷ್ಟು ಸಂದಿಗೆ ತುರುಕುತ್ತಿದ್ದ. ಮುಂದಿನಿಂದ ಹಿಂದಕ್ಕೆ, ಫಿನ್ನು ಬಾಗದಷ್ಟು ಒತ್ತಡದಲ್ಲಿ ತೊಳೆದದ್ದೇ ಮುಳ್ಳು ಇಳಿಯಿತು. ಹಳೇ ಆಪರೇಟರ್ ಇದನ್ನು ಪ್ರತಿ ಸಂಜೆ ತಾವೇ ಮಾಡಿಕೊಳ್ಳುತ್ತಿದ್ದರಂತೆ, ಹೆಲ್ಪರ್‌ಗೆ ಬಿಡುತ್ತಿರಲಿಲ್ಲ. ಬಿಡದೇ ಇದ್ದದ್ದರಿಂದಲೇ ಅವನು ಕಲಿಯಲೂ ಇಲ್ಲ.

ತಿರುವು

ಈ ಹಂತದಲ್ಲಿ ಗುತ್ತಿಗೆದಾರರ ಮುಂದೆ ಎರಡು ದಾರಿ ಇದ್ದವು. ಒಂದು, ಎರಡೂ ಚೈನು, ಕೆಳ ರೋಲರ್, ಸ್ಪ್ರಾಕೆಟ್ ಎಲ್ಲ ಹೊಸದು ಹಾಕುವುದು. ಡೋಜರ್‌ನಲ್ಲಿ ಅತಿ ಹೆಚ್ಚು ಖರ್ಚು ನುಂಗುವುದೇ ಈ ಕೆಳಭಾಗ. ಇಷ್ಟು ಹಳೇ ಯಂತ್ರಕ್ಕೆ ಅದನ್ನು ಪೂರ್ತಿ ಹಾಕಿದರೆ ಯಂತ್ರದ ಬೆಲೆಯನ್ನೇ ಮೀರುತ್ತದೆ. ಇನ್ನೊಂದು, ಡೋಜರನ್ನು ಗುಜರಿಗೆ ಕೊಟ್ಟು ಇನ್ನೊಂದು ಹಿಟಾಚಿ ಬಾಡಿಗೆಗೆ ತರುವುದು. ಹಿಟಾಚಿ ಅಗೆಯುತ್ತದೆ, ತುಂಬುತ್ತದೆ. ಏರಿಯ ಮೇಲೆ ಮಣ್ಣನ್ನು ಸಮವಾಗಿ ತೆಳು ಪದರದಲ್ಲಿ ಹಾಸುವುದು ಅದರ ಕೆಲಸವಲ್ಲ. ಬಕೆಟ್ಟಿನಿಂದ ಸುರಿದು ತಟ್ಟಿದ ಏರಿ ಮೊದಲ ಮಳೆಗಾಲದಲ್ಲಿ ಕುಸಿಯುವುದನ್ನು ಮಲೆನಾಡಿನಲ್ಲಿ ಎಷ್ಟೋ ತೋಟದವರು ನೋಡಿದ್ದಾರೆ.

ಮೂರನೆಯ ದಾರಿ ತೋರಿಸಿದವರು ತೋಟದ ರೈಟರ್, ಅಂದರೆ ಕೆಲಸದ ಲೆಕ್ಕ-ಉಸ್ತುವಾರಿ ನೋಡುವವರು: ಹಳೇ ಆಪರೇಟರನ್ನೇ ಎರಡು ಮೂರು ದಿನ ಕರೆಸಿ, ಓಡಿಸುವುದು ಬೇಡ, ನೋಡಿ ಹೇಳಲಿ ಎಂದರು. ಗುತ್ತಿಗೆದಾರರಿಗೆ ಸಂಕೋಚ, ಬಿಡುವಾಗ ಸಂಬಳದ ಬಾಕಿ ವಿಚಾರಕ್ಕೆ ಮನಸ್ತಾಪ ಆಗಿತ್ತು. ಯುವಕನಿಗೆ ಭಯ, ತನ್ನ ಕೆಲಸ ಹೋಯಿತೆಂದು. ಬಾಕಿ ತೀರಿಸಿ, ದಿನಗೂಲಿ ಮೊದಲೇ ಮಾತಾಡಿ, ಸೀಟಿನಲ್ಲಿ ಕೂರುವವರು ಯುವಕರೇ ಎಂದು ಎಲ್ಲರ ಮುಂದೆ ಹೇಳಿದ ಮೇಲೆ ಎರಡೂ ಅಡ್ಡಿ ತೀರಿದವು. ಈ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಟ್ಟ ತೀರ್ಮಾನ ಇದು. ಅದು ಒಂದು ತಿಂಗಳು ತಡವಾಗಿ ಬಂತು.

ಹಿರಿಯರು ಬಂದು ಇಂಜಿನ್ ಮುಟ್ಟಲಿಲ್ಲ. ಅರ್ಧ ದಿನ ಗುಡ್ಡದ ಮೇಲೆ ಕೂತು ನೋಡಿದರು. ಆಮೇಲೆ ಯುವಕನನ್ನು ಕರೆದು ಕೇಳಿದ್ದು: "ಎಡಕ್ಕೇ ಯಾಕಪ್ಪ ತಿರುಗಿಸ್ತೀಯ? ಇದು ಬಲಗಡೆ ತಿರುಗೋ ಗಾಡಿ."

"ಹಾಗಂತ ಯಾರೂ ಹೇಳಿಲ್ಲವಲ್ಲಣ್ಣ," ಎಂದರು ಯುವಕ. ನಿಜ, ಯಾರೂ ಹೇಳಿರಲಿಲ್ಲ.

ವಿಷಯ ಇಷ್ಟು. ಎಷ್ಟೋ ವರ್ಷದ ಹಿಂದೆ ಲೋಬೆಡ್‌ನಿಂದ (ಯಂತ್ರ ಸಾಗಿಸುವ ತಗ್ಗು ಟ್ರೇಲರ್) ಇಳಿಸುವಾಗ ಯಂತ್ರ ಜಾರಿ, ಎಡ ಮುಂಭಾಗ ಬಂಡೆಗೆ ಬಲವಾಗಿ ಬಡಿದಿತ್ತು. ಅಂದಿನಿಂದ ಎಡ ಚೈನು ಮುನಿಸಿಕೊಂಡಿತ್ತು. ಹಿರಿಯರು ಮಾಲೀಕರಿಗೆ ಹೇಳಿದ್ದರು; ಸೀಸನ್ ಮುಗಿಯಲಿ ನೋಡೋಣ ಎಂದ ಮಾತು ಹಾಗೇ ಉಳಿಯಿತು. ಸೀಸನ್‌ಗಳು ಕಳೆದವು, ಅವರು ಅದಕ್ಕೆ ತಕ್ಕಂತೆ ಓಡಿಸುವುದನ್ನು ರೂಢಿಸಿಕೊಂಡರು. ತಿರುವೆಲ್ಲ ಬಲಕ್ಕೆ. ಎಡಕ್ಕೆ ಹೋಗಲೇಬೇಕಿದ್ದರೆ ಲಿವರನ್ನು ತುಸು ಎಳೆದು ಬಿಟ್ಟು, ಮತ್ತೆ ಎಳೆದು ಬಿಟ್ಟು, ಐದಾರು ಸಲಕ್ಕೆ. ತಿರುಗುವುದು ಮೇಲಿನ ಸಮತಟ್ಟಿನಲ್ಲಿ ಮಾತ್ರ. ಇಳಿಜಾರಿನಲ್ಲಿ ನೇರ ಇಳಿ, ಅದೇ ಜಾಡಿನಲ್ಲಿ ನೇರ ಹಿಂದಕ್ಕೆ ಹತ್ತು. ಅಡ್ಡ ಇಳಿಜಾರಿನಲ್ಲಿ ಸಾಗಲೇಬೇಕೆಂದರೆ ಎಡ ಚೈನು ಮೇಲ್ಬದಿಗೆ ಬರುವಂತೆ ನೋಡಿಕೊಳ್ಳುವುದು, ಏಕೆಂದರೆ ಭಾರವೆಲ್ಲ ಕೆಳಬದಿಯ ಚೈನಿನ ಮೇಲೆ ಬೀಳುತ್ತದೆ. ಮಧ್ಯಾಹ್ನ ಊಟಕ್ಕೆ ಮುಂಚೆ ಸ್ಪ್ರಾಕೆಟ್ ಸಂದಿಯ ಮಣ್ಣನ್ನು ಹಾರೆಯಿಂದ ಬಿಡಿಸುವುದು.

ಹೊಸ ಕೈ ಬಂದ ಕೂಡಲೇ ಈ ಆಸರೆಗಳೆಲ್ಲ ಒಟ್ಟಿಗೆ ಕಳಚಿದವು. ಹಳೇ ದೋಷ ಹೊಸ ದೋಷದಂತೆ ಕಂಡಿತು.

ಅಳತೆ ಹೇಳಿದ್ದು

ಮರುದಿನ ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲಕ್ಕೆ ತಂದು, ತೊಳೆದು ಅಳೆದರು. ಎರಡು ಐಡ್ಲರ್‌ಗಳ ನಡುಗೆರೆಯಿಂದ ನಡುಗೆರೆಗೆ ಇರುವ ದೂರವನ್ನು ಎರಡು ಸ್ಪ್ರಾಕೆಟ್‌ಗಳ ನಡುಗೆರೆಯ ದೂರಕ್ಕೆ ಹೋಲಿಸಿದರೆ ಟ್ರ್ಯಾಕ್ ಫ್ರೇಮುಗಳು (ಐಡ್ಲರ್, ರೋಲರ್‌ಗಳನ್ನು ಹೊತ್ತ ಎರಡು ಬದಿಯ ಚೌಕಟ್ಟು) ಸಮಾನಾಂತರವಾಗಿವೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲಿ ಮುಂದಿನ ಅಳತೆ 14 ಮಿ.ಮೀ. ಹೆಚ್ಚು. ಯಾವ ಬದಿ ಎಂದು ತಿಳಿಯಲು ಯಂತ್ರದ ನಡುವಿನಿಂದ ತೂಗುಗುಂಡು ಬಿಟ್ಟು ಎರಡೂ ಕಡೆಗೆ ಬೇರೆ ಬೇರೆಯಾಗಿ ಅಳೆದರು. ಹೆಚ್ಚುಕಮ್ಮಿ ಪೂರ್ತಿ ವ್ಯತ್ಯಾಸ ಎಡದ್ದೇ. ಎಡ ಫ್ರೇಮಿನ ಮೂತಿ ಹೊರಕ್ಕೆ ವಾಲಿತ್ತು. ಹಾಗಾಗಿ ಚೈನಿಗೆ ಐಡ್ಲರ್‌ನ ಒಳಗಡೆಗೆ ಜಾರುವ ಒಲವು. ಒಂದೇ ಮಗ್ಗುಲು ಸವೆದದ್ದೂ ಅದಕ್ಕೇ.

ಫ್ರೇಮು ಒಳಗೆ ಹೊರಗೆ ಆಡದಂತೆ ಹಿಡಿಯುವುದು ಕರ್ಣದ ತೋಳು, ಡಯಾಗನಲ್ ಬ್ರೇಸ್ ಎನ್ನುತ್ತಾರೆ. ಅದರ ಒಳತುದಿಯ ಬುಶ್ಶು ತಿಂದುಹೋಗಿ ಮೊಟ್ಟೆಯಾಕಾರಕ್ಕೆ ಬಂದಿತ್ತು. ಬ್ಲೇಡನ್ನು ನೆಲಕ್ಕೆ ಒತ್ತಿ ಯಂತ್ರದ ಮೂತಿ ಎತ್ತಿ, ಫ್ರೇಮಿನ ಕೆಳಗೆ ರೈಲ್ವೆ ಸ್ಲೀಪರ್ ದಿಮ್ಮಿ ಕೊಟ್ಟು, ಐಡ್ಲರ್ ಬಳಿ ಜ್ಯಾಕಿನಿಂದ ಪಕ್ಕಕ್ಕೆ ಒತ್ತಿದಾಗ ಫ್ರೇಮು ಕಣ್ಣಿಗೆ ಕಾಣುವಷ್ಟು ಸರಿಯಿತು. (ಬ್ಲೇಡಿನ ಹೈಡ್ರಾಲಿಕ್ಕನ್ನೇ ನಂಬಿ ಕೆಳಗೆ ಕೈ ಹಾಕಬಾರದು. ಹಳೇ ಸಿಲಿಂಡರಿನ ಸೀಲು ಯಾವಾಗ ಬಿಡುತ್ತದೆಂದು ಹೇಳಲಾಗದು. ದಿಮ್ಮಿ ಕೊಟ್ಟು, ಭಾರ ಅದರ ಮೇಲೆ ಕೂತ ಮೇಲೇ ಕೆಲಸ.) ಐಡ್ಲರ್‌ನ ಎರಡೂ ಬದಿಯ ಗೈಡ್ ಪ್ಲೇಟಿನ ಸಂದೂ ಹೆಚ್ಚಿತ್ತು: ಒಂದೆರಡು ಮಿ.ಮೀ. ಇರಬೇಕಾದಲ್ಲಿ 7.

ಚೈನಿನ ಸವೆತ ಬೇರೆಯಾಗಿ ಅಳೆದರು. ಸ್ಪ್ರಾಕೆಟ್ ಹಲ್ಲಿಗೆ ಹಳೇ ಪಿನ್ನೊಂದನ್ನು ಅಡ್ಡ ಕೊಟ್ಟು ಯಂತ್ರವನ್ನು ನಿಧಾನ ಹಿಂದಕ್ಕೆ ಒತ್ತಿದರೆ ಮೇಲಿನ ಚೈನು ಬಿಗಿಯುತ್ತದೆ. ಆಗ ಮಾಸ್ಟರ್ ಪಿನ್ನಿನಿಂದ (ಚೈನನ್ನು ಬಿಚ್ಚಿ ಕೂಡಿಸುವ ಪಿನ್ನು) ದೂರದ ಜಾಗ ಆರಿಸಿ, ನಾಲ್ಕು ಕೊಂಡಿಯ ಉದ್ದಕ್ಕೆ ಪಿನ್ನಿನಿಂದ ಪಿನ್ನಿಗೆ ಅಳೆದು ನಾಲ್ಕರಿಂದ ಭಾಗಿಸಬೇಕು. ಒಂದೇ ಕೊಂಡಿ ಅಳೆದರೆ ಮೋಸ ಹೋಗುತ್ತೇವೆ. ಬುಶ್ಶಿನ ಹೊರಮೈಯನ್ನು ಕ್ಯಾಲಿಪರ್‌ನಿಂದ ಮೂರು ಕಡೆ ನೋಡಿದರು. ಸವೆತ ಇತ್ತು, ಬಿರುಕಿರಲಿಲ್ಲ, ಮಿತಿಯೊಳಗಿತ್ತು. ಅಂದರೆ ಪಿನ್ನು-ಬುಶ್ಶು ತಿರುಗಿಸಬಹುದು: ಪ್ರೆಸ್ಸಿನಲ್ಲಿ ಕಳಚಿ 180 ಡಿಗ್ರಿ ತಿರುಗಿಸಿ ಕೂರಿಸಿದರೆ ಸವೆಯದ ಮೈ ಸ್ಪ್ರಾಕೆಟ್ ಕಡೆ ಬರುತ್ತದೆ, ಕೊಂಡಿಯ ದೂರವೂ ಬಹುಪಾಲು ಮೊದಲಿನಂತಾಗುತ್ತದೆ. ಇದನ್ನು ಒಮ್ಮೆ ಮಾತ್ರ ಮಾಡಬಹುದು. ಬುಶ್ಶು ತೀರ ತೆಳ್ಳಗಾದ ಮೇಲೆ ಪ್ರೆಸ್ಸಿಗೆ ಹಾಕಿದರೆ ಒಡೆಯುತ್ತದೆ, ದುಡ್ಡು ದಂಡ.

ಎಡ ಬ್ರೇಕಿನ ಕಥೆ ಇಳಿಜಾರಿನದು. ಡೋಜರ್ ಭಾರವಿಲ್ಲದೆ ಕಡಿದಾದ ಇಳಿಜಾರು ಇಳಿಯುವಾಗ ಯಂತ್ರವನ್ನು ತಡೆದು ಹಿಡಿದಿರುವುದು ಇಂಜಿನ್. ಆಗ ಎಡ ಲಿವರ್ ಎಳೆದು ಬ್ರೇಕು ಒತ್ತದಿದ್ದರೆ ಎಡ ಚೈನಿನ ಮೇಲಿನ ಹಿಡಿತ ತಪ್ಪಿ ಅದು ಬಲಕ್ಕಿಂತ ಬೇಗ ಓಡುತ್ತದೆ, ಯಂತ್ರ ಹೊರಳುವುದು ಬಲಕ್ಕೆ. ಎಡಕ್ಕೆಂದು ಎಳೆದದ್ದು ಬಲಕ್ಕೆ ಹೋದರೆ ಗೊತ್ತಿಲ್ಲದವರು ಗಾಬರಿಯಾಗಿ ಬ್ರೇಕನ್ನು ತುಳಿದುಬಿಡುತ್ತಾರೆ. ಯುವಕ ಮಾಡುತ್ತಿದ್ದದ್ದು ಅದನ್ನೇ, ದಿನಕ್ಕೆ ಹತ್ತಾರು ಸಲ. ಬ್ರೇಕ್ ಬ್ಯಾಂಡು ಸವೆಯಿತು, ಪ್ರತಿ ಸಲವೂ ಫ್ರೇಮಿಗೆ ಅಡ್ಡ ಹೊಡೆತ. ಹಿಟಾಚಿಯಲ್ಲಿ ಇಂಥದ್ದು ಇಲ್ಲವೇ ಇಲ್ಲ, ಅಲ್ಲಿಂದ ಬಂದವರಿಗೆ ತಾನಾಗಿ ಹೊಳೆಯುವುದೂ ಇಲ್ಲ. ಹಿರಿಯರು ಹೇಳಿಕೊಟ್ಟ ಕ್ರಮ: ಇಳಿಯುವ ಮುಂಚೆಯೇ ಕೆಳ ಗೇರಿಗೆ ಹಾಕು, ಮೂತಿ ನೇರ ಮಾಡಿಕೊಂಡೇ ಇಳಿ, ಮಧ್ಯೆ ತಿದ್ದಬೇಕಾದರೆ ಬಲಕ್ಕೆ ತಿದ್ದಲು ಎಡ ಲಿವರನ್ನು ಹಗುರಕ್ಕೆ ಎಳಿ, ಬ್ರೇಕು ಬೇಡ, ಬ್ಲೇಡಿನ ಮುಂದೆ ಯಾವಾಗಲೂ ಸ್ವಲ್ಪ ಮಣ್ಣು ಇರಲಿ, ಅದೇ ತಡೆ. ಬ್ಲೇಡಿನ ಮುಂದೆ ಮಣ್ಣಿದ್ದು ಇಂಜಿನ್ ದುಡಿಯುತ್ತಿದ್ದರೆ ಲಿವರ್ ಎಂದಿನಂತೆಯೇ ಕೆಲಸ ಮಾಡುತ್ತದೆ. ಎರಡರ ನಡುವೆ ಯಾವುದು ಎಂದು ಇಂಜಿನ್ ಸದ್ದಿನಿಂದ ಗೊತ್ತು ಮಾಡಿಕೊಳ್ಳಬೇಕು.

ಮಾಡಿದ ಕೆಲಸ, ಆದ ಫಲ

ಎಡ ಚೈನು ಬಿಚ್ಚಿ, ಫ್ರೇಮು ಹೊರತೆಗೆದು, ಬ್ರೇಸ್ ತುದಿಯ ತೂತನ್ನು ಹಾಸನದ ಲೇತ್‌ನಲ್ಲಿ ಬೋರ್ ಮಾಡಿಸಿ, ಅಳತೆಗೆ ತಕ್ಕ ಕಂಚಿನ ಬುಶ್ಶು ಮಾಡಿಸಿ ಹಾಕಿದರು. ಐಡ್ಲರ್ ಗೈಡ್ ಪ್ಲೇಟಿನ ಶಿಮ್ (ಸಂದು ಸರಿಪಡಿಸುವ ತೆಳು ತಗಡು) ಹೊಂದಿಸಿದರು. ಎರಡೂ ಚೈನಿನ ಪಿನ್ನು-ಬುಶ್ಶು ತಿರುಗಿಸಿದ್ದಾಯಿತು. ಒಂದೇ ಬದಿ ತಿರುಗಿಸಿದರೆ ಎರಡರ ಉದ್ದದಲ್ಲಿ ವ್ಯತ್ಯಾಸ ಬಂದು ಸವೆತ ಏರುಪೇರಾಗುತ್ತದೆ. ಫೈನಲ್ ಡ್ರೈವ್ ಎಣ್ಣೆ ಇಳಿಸಿದಾಗ ಹಾಲಿನ ಬಣ್ಣಕ್ಕೆ ತಿರುಗಿತ್ತು: ಸೀಲು ಬಿಟ್ಟು ಕೆರೆಯ ನೀರು ಒಳಹೊಕ್ಕಿದೆ ಎಂದರ್ಥ. ಸೀಲು ಬದಲಿಸಿ, ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ಪುಡಿ ನೋಡಿದರು. ನಯವಾದ ಕೆಸರಿನಂಥದ್ದು ಮಾತ್ರ ಇತ್ತು, ಚೂರುಗಳಿರಲಿಲ್ಲ. ಬೇರಿಂಗ್ ಬಿಚ್ಚುವ ಅಗತ್ಯ ಬೀಳಲಿಲ್ಲ. ಎಲ್ಲ ಸೇರಿ ಹತ್ತು ದಿನ ಯಂತ್ರ ನಿಂತಿತು.

ಕೂರಿಸಿದ ಮೇಲೆ ಮುಂದಿನ-ಹಿಂದಿನ ಅಳತೆಯ ವ್ಯತ್ಯಾಸ 3 ಮಿ.ಮೀ.ಗೆ ಇಳಿದಿತ್ತು. ಸೊನ್ನೆ ಆಗಲಿಲ್ಲ, ಬಂಡೆಗೆ ಬಡಿದಾಗ ಫ್ರೇಮೇ ತುಸು ಬಾಗಿದ್ದಿರಬೇಕು. ಅದನ್ನು ನೇರ ಮಾಡಲು ಹೊರಡಲಿಲ್ಲ. ಬಿಸಿ ಮಾಡಿ ಬಗ್ಗಿಸಿದ ಫ್ರೇಮು ಮತ್ತೆ ಎಲ್ಲಿ ಬಿರಿಯುತ್ತದೆಂದು ಹೇಳಲಾಗದು. ಅಲ್ಲಿಂದ ಏರಿ ಮುಗಿಯುವ ತನಕ ಚೈನು ಬೀಳಲಿಲ್ಲ.

ಓಡಿಸುವ ಕ್ರಮವೂ ಬದಲಾಯಿತು. ಗುಡ್ಡದ ಮಣ್ಣನ್ನು ಅಗಲವಾಗಿ ಕೆರೆಯುವ ಬದಲು ಜಾಡು ಮಾಡಿಕೊಂಡು ತಳ್ಳಿದರು: ಬ್ಲೇಡಿನಗಲದ ಕಣಿವೆ, ಎರಡೂ ಮಗ್ಗುಲಲ್ಲಿ ಮಣ್ಣಿನ ದಿಂಡು ಬಿಟ್ಟು, ಆಳ ಬ್ಲೇಡಿನ ಎತ್ತರ ಮೀರದಂತೆ. ಮಣ್ಣು ಬದಿಗೆ ಚೆಲ್ಲುವುದಿಲ್ಲ, ಒಂದು ತಳ್ಳಿಗೆ ಹೆಚ್ಚು ಸಾಗುತ್ತದೆ, ಯಂತ್ರ ನೇರ ಹೋಗಿ ನೇರ ಬರುತ್ತದೆ. ಎಡ-ಬಲದ ತಗಾದೆಯೇ ಇಲ್ಲ. ದಿಂಡನ್ನು ಕೊನೆಗೆ ತಳ್ಳಬೇಕು.

ಎಲ್ಲವೂ ಸುಖಾಂತ್ಯವಾಗಲಿಲ್ಲ. ಯಂತ್ರ ನಿಂತಿದ್ದ ದಿನಗಳನ್ನು ತುಂಬಿಕೊಳ್ಳುವ ಅವಸರದಲ್ಲಿ, ಬಾಡಿಗೆ ರೋಲರ್ ಬರುವ ಮುಂಚೆಯೇ ಏರಿಯ ಒಂದು ಭಾಗದಲ್ಲಿ ಡೋಜರನ್ನೇ ಹಿಂದೆ ಮುಂದೆ ಓಡಿಸಿ "ದಮ್ಮಸ್ಸು" ಮಾಡಿದರು. ಡೋಜರ್‌ನ ಚೈನು ಇರುವುದೇ ಭಾರವನ್ನು ಹರಡಲು. 20 ಟನ್ನಾದರೂ ಚೈನಿನ ಅಗಲಕ್ಕೆ ಹಂಚಿಹೋಗಿ ನೆಲದ ಮೇಲೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಕೂಡ ಬೀಳುವುದಿಲ್ಲ. ಮೇಲೆ ಗಟ್ಟಿಯಾದಂತೆ ಕಂಡು ಒಳಗೆ ಪೊಳ್ಳು. ಹಾರೆ ಚುಚ್ಚಿ ನೋಡಿದ ರೈಟರ್ ಒಪ್ಪಲಿಲ್ಲ. ಅಷ್ಟನ್ನೂ ಕೆದರಿ, 20 ಸೆಂ.ಮೀ. ಪದರಗಳಲ್ಲಿ ಮತ್ತೆ ಹಾಸಿ, ಡ್ರಮ್ಮಿನ ಮೇಲೆ ಉಬ್ಬುಗಳಿರುವ ಪ್ಯಾಡ್‌ಫುಟ್ ರೋಲರ್ ಹೊಡೆಸಬೇಕಾಯಿತು. ಮಣ್ಣಿನ ಹದ ನೋಡಿದ್ದು ಮುಷ್ಟಿಯಿಂದ: ಹಿಸುಕಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು, ಎದೆಯೆತ್ತರದಿಂದ ಬಿಟ್ಟರೆ ಒಡೆಯಬೇಕು. ಒಣಗಿದ್ದರೆ ಹಿಂದಿನ ಸಂಜೆಯೇ ನೀರು ಚಿಮುಕಿಸಬೇಕು. ಕಪ್ಪು ಗೋಡುಮಣ್ಣನ್ನು ಏರಿಗೆ ಸೇರಿಸಲಿಲ್ಲ; ಒಣಗಿದ ಮೇಲೆ ತೋಟಕ್ಕೆ ಹೋಯಿತು.

ಏರಿ ಮೇ ಕೊನೆಗೆ ಮುಗಿಯಿತು. ಕೋಡಿಯ ಕಲ್ಲುಕಟ್ಟಡ ಮಳೆ ಶುರುವಾದ ಮೇಲೂ ಸ್ವಲ್ಪ ಉಳಿದಿತ್ತು.

ಬಳಿಕ ಉಳಿದದ್ದು

ಯುವಕ ಮುಂದಿನ ಸೀಸನ್‌ಗೆ ಉಳಿಯಲಿಲ್ಲ, ಹಿಟಾಚಿಗೆ ಒಳ್ಳೆಯ ಸಂಬಳ ಸಿಕ್ಕಿತೆಂದು ಹೋದರು. ಗುತ್ತಿಗೆದಾರರು ಮತ್ತೆ ಮೊದಲಿನ ಸ್ಥಿತಿಗೆ ಬೀಳಲಿಲ್ಲವಾದರೆ ಅದಕ್ಕೆ ಕಾರಣ, ಹಿರಿಯರು ಹೇಳಿದ್ದನ್ನೆಲ್ಲ ರೈಟರ್ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಇಟ್ಟಿದ್ದು. ಅದರ ಮೊದಲ ಪುಟದಲ್ಲಿ ಯಂತ್ರದ ಗಾಯಗಳ ಪಟ್ಟಿ ಇದೆ: ಎಲ್ಲಿ, ಹೇಗೆ ಪೆಟ್ಟಾಯಿತು, ಏನು ರಿಪೇರಿ ಆಯಿತು, ಏನು ಹಾಗೇ ಬಿಟ್ಟಿದೆ. ಬಲ ಸ್ಟೀರಿಂಗ್ ಕ್ಲಚ್ ಬಿಸಿಯಾದಾಗ ಜಾರುತ್ತದೆ ಎಂಬುದೂ ಅಲ್ಲಿದೆ. ಅದನ್ನು ಇನ್ನೂ ಬಿಚ್ಚಿಲ್ಲ. ದಿನದ ಕೆಲಸಗಳಿಗೆ ಅರ್ಧ ಪುಟ ಸಾಕಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಡೀಸೆಲ್ ಟ್ಯಾಂಕಿನ ತಳದ ಕಾಕ್ ತೆರೆದು ನೀರು ಬಿಡುವುದು, ಸಂಜೆ ಟ್ಯಾಂಕ್ ತುಂಬಿ ಇಡುವುದು. ಖಾಲಿ ಜಾಗ ಬಿಟ್ಟರೆ ಮಲೆನಾಡಿನ ಇಬ್ಬನಿ ರಾತ್ರಿಯಲ್ಲಿ ಒಳಗೇ ನೀರಾಗುತ್ತದೆ. ರೇಡಿಯೇಟರ್ ಮುಂದಿನಿಂದ ಹಿಂದಕ್ಕೆ. ಮಧ್ಯಾಹ್ನ ಸ್ಪ್ರಾಕೆಟ್ ಮಣ್ಣು. ಶನಿವಾರ ಚೈನಿನ ಸಡಿಲ, ಕೆಲಸದ ಜಾಗದಲ್ಲಿ, 30 ಮಿ.ಮೀ. ಕಡೆಗೇ ಇರಲಿ.

ಸದ್ದುಗಳಿಗೂ ಒಂದು ಪುಟ. ಒಣ ಬೇಸಿಗೆಯಲ್ಲಿ ಈ ಚೈನು ಕೀರೆನ್ನುವುದು ಸಹಜ, ಅದಕ್ಕೆ ಎಣ್ಣೆ ಹಾಕಲು ಹೋಗಬಾರದು. ಎಣ್ಣೆಗೆ ಮರಳು ಅಂಟಿ ಪಿನ್ನನ್ನು ಅರೆಯುತ್ತದೆ. ಸ್ಪ್ರಾಕೆಟ್ ಕಡೆಯಿಂದ ಒಂದೇ ಲಯದಲ್ಲಿ ಟಕ್ ಟಕ್ ಬಂದರೆ ಬುಶ್ಶು ಹಲ್ಲು ಹತ್ತುತ್ತಿದೆ. ಐಡ್ಲರ್ ಕಡೆಯಿಂದ ಕಬ್ಬಿಣ ಉಜ್ಜುವ ಸದ್ದು ಬಂದರೆ ನಿಲ್ಲಿಸಿ ಒಳಮಗ್ಗುಲು ನೋಡಬೇಕು, ಚೈನು ಬೀಳುವ ಮುಂಚಿನ ಸದ್ದು ಅದು.

ಚೈನು ಬಿದ್ದಾಗ ಏರಿಸುವ ಕ್ರಮವನ್ನು ಬೇರೆಯಾಗಿ ಬರೆದಿದ್ದಾರೆ, ಅವಸರ ಆಗುವುದೇ ಅಲ್ಲಿ. ಅರ್ಧ ಕಳಚಿದ ಚೈನಿನ ಮೇಲೆ ಯಂತ್ರವನ್ನು ಓಡಿಸಿಕೊಂಡು ಸಮತಟ್ಟಿಗೆ ಹೋಗಲು ನೋಡಬಾರದು, ಕೊಂಡಿ ತಿರುಚುತ್ತದೆ. ಬ್ಲೇಡು ನೆಲಕ್ಕೆ, ಗೇರು ನ್ಯೂಟ್ರಲ್, ಬ್ರೇಕು ಲಾಕ್, ಕೆಳಬದಿಗೆ ದಿಮ್ಮಿಯ ತಡೆ. ಅಡ್ಜಸ್ಟರ್ ಗ್ರೀಸ್ ಬಿಟ್ಟು ಐಡ್ಲರನ್ನು ಹಿಂದಕ್ಕೆ ಸರಿಸು. ಮೂತಿ ಎತ್ತಿ ದಿಮ್ಮಿ ಕೊಡು. ಚೈನನ್ನು ಹಿಟಾಚಿಯ ಬಕೆಟ್ಟಿಗೆ ಬೆಲ್ಟ್ ಕಟ್ಟಿ ಎತ್ತಿ ಹಿಡಿ. ಕಡಿಮೆ ಗೇರಿನಲ್ಲಿ, ಆ ಬದಿಯ ಚೈನು ಮಾತ್ರ ಸುತ್ತುವಂತೆ ಇನ್ನೊಂದು ಬದಿಯ ಲಿವರ್ ಎಳೆದು ಬ್ರೇಕು ಒತ್ತಿ, ಒಂದೊಂದೇ ಕೊಂಡಿಯನ್ನು ಐಡ್ಲರ್ ಮೇಲಕ್ಕೆ ಸನ್ನೆಕೋಲಿನಿಂದ ಕೂರಿಸು. ಆಪರೇಟರ್‌ಗೆ ಕೈಸನ್ನೆ ಮಾಡುವವನು ಒಬ್ಬನೇ ಇರಬೇಕು. ಚೈನು ಸುತ್ತುತ್ತಿರುವಾಗ ಯಾರ ಕೈಯೂ ಅದರ ಬಳಿ ಹೋಗಬಾರದು, ಉದ್ದದ ಸನ್ನೆಕೋಲು ಮಾತ್ರ.

ಸ್ಪ್ರಾಕೆಟ್ ಹಲ್ಲುಗಳು ಮೊನಚಾಗುತ್ತ ಬಂದಿವೆ. ತಿರುಗಿಸಿದ ಬುಶ್ಶು ಅವುಗಳ ಜೊತೆ ಎಷ್ಟು ದಿನ ಹೊಂದಿಕೊಳ್ಳುತ್ತದೆಂಬುದು ಮುಂದಿನ ಲೆಕ್ಕ. ಗುತ್ತಿಗೆದಾರರು ಈಗ ಒಂದು ನಿಯಮ ಹಾಕಿಕೊಂಡಿದ್ದಾರೆ: ಪ್ರತಿ ಸೀಸನ್ ಶುರುವಿಗೆ ಮುಂದಿನ-ಹಿಂದಿನ ಅಳತೆ ತೆಗೆದು ನೋಟ್‌ಬುಕ್ಕಿಗೆ ಬರೆಯುವುದು, ವ್ಯತ್ಯಾಸ 6 ಮಿ.ಮೀ. ದಾಟಿದರೆ ಮೊದಲು ಬ್ರೇಸಿನ ಬುಶ್ಶು ಬಿಚ್ಚಿ ನೋಡುವುದು, ಚೈನು ಕೊಳ್ಳುವ ಮಾತು ಅದಾದ ಮೇಲೆ. ಹೊಸದಾಗಿ ಸೇರಿದ ಆಪರೇಟರ್‌ಗೆ ಮೊದಲ ದಿನ ಬ್ಲೇಡು ಮುಟ್ಟಲು ಬಿಡಲಿಲ್ಲ. ನೋಟ್‌ಬುಕ್ ಓದಿಸಿ, ಹಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿ, ಖಾಲಿ ಇಳಿಜಾರಿನಲ್ಲಿ ಬರೀ ಲಿವರ್ ಆಡಿಸಲು ಬಿಟ್ಟರು.